ಬಿಸಿಲಿದ್ದರೂ ಮಿಕ್ಸಿ ನಿಂತಿತು

ಸೋಲಾರ್ ಹಾಕಿಸಿದವರೆಲ್ಲ ಮೋಸ ಹೋದವರು ಅಂತ ಹಾಸನದ ನಮ್ಮ ಬೀದಿಯಲ್ಲಿ ಒಂದು ಮಾತಿದೆ. ಅದು ಹುಟ್ಟಿದ್ದು ನಮ್ಮ ಮನೆಯಿಂದಲೇ. ಏಪ್ರಿಲ್ ಮಧ್ಯಾಹ್ನ, ತಾರಸಿ ಮೇಲೆ ಕಾಲಿಡಲಾಗದ ಬಿಸಿಲು. ಚಟ್ನಿಗೆ ಹಾಕಿದ ಕಾಯಿ ಅರ್ಧ ನುಣ್ಣಗಾಗಿತ್ತು, ಕರೆಂಟ್ ಹೋಯಿತು. ಮಿಕ್ಸಿ ನಿಂತಿತು. ಎದುರುಮನೆ ಅಜ್ಜಿ ಗೇಟಿನಿಂದಲೇ ಕೇಳಿದರು: "ಅಷ್ಟು ದುಡ್ಡು ಸುರಿದ್ಯಲ್ಲಪ್ಪ, ಸೂರ್ಯನೂ ಕರೆಂಟ್ ಆಫೀಸಿನವರನ್ನ ಕೇಳಿ ಬರ್ಬೇಕಾ?"

ಹೌದಜ್ಜಿ, ಕೇಳಲೇಬೇಕು!

ನಮ್ಮದು ಲೈನಿಗೆ ಜೋಡಿಸಿದ ಇನ್ವರ್ಟರ್, ಅಂದರೆ ಪ್ಯಾನೆಲ್ಲಿನ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಪೆಟ್ಟಿಗೆ; ಬ್ಯಾಟರಿ ಇಲ್ಲ. ಭಜನೆಯಲ್ಲಿ ಹಾರ್ಮೋನಿಯಂ ಶ್ರುತಿ ಹಿಡಿದು ಹಾಡುವವರಂತೆ, ಅದು ತಂತಿಯಲ್ಲಿ ಸೆಕೆಂಡಿಗೆ 50 ಸಲ ಬರುವ ಏರಿಳಿತವನ್ನು ಹಿಂಬಾಲಿಸುತ್ತದೆ. ಹಾರ್ಮೋನಿಯಂ ನಿಂತರೆ ಇದೂ ಗಪ್‌ಚುಪ್. ಕೋಲಾಟ ಅಂತಲೂ ಅನ್ನಬಹುದು: ಎದುರಿನವರು ಕೋಲು ಇಳಿಸಿದ ಮೇಲೂ ಬೀಸಿದರೆ ಯಾರಿಗೋ ಪೆಟ್ಟು. ಇಲ್ಲಿ ಪೆಟ್ಟು ಲೈನ್‌ಮ್ಯಾನ್‌ಗೆ. ತಾರಸಿಯ 230 ವೋಲ್ಟ್ ಟ್ರಾನ್ಸ್‌ಫಾರ್ಮರಿಗೆ ಹಿಂದಿನಿಂದ ನುಗ್ಗಿದರೆ ಆ ಕಡೆ 11,000 ವೋಲ್ಟ್ ಆಗಿಬಿಡಬಹುದು. ಕರೆಂಟ್ ತೆಗೆದಿದ್ದಾರೆ ಅಂತ ನಂಬಿ ಕಂಬ ಹತ್ತಿದವನ ಗತಿ? ಅದಕ್ಕೇ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಸಬ್ಸಿಡಿಯೂ ಇಂಥ ಲೈನಿನ ಸೋಲಾರ್‌ಗೇ. ಬಿಲ್ ಇಳಿಯುತ್ತದೆ, ಅಷ್ಟೆ.

ಲೈನಿನ ಹಂಗೇ ಬೇಡ ಅನ್ನುವವರಿಗೆ ಬ್ಯಾಟರಿ ಬೇಕು. ಇದನ್ನ ಹಾಸನದವರಿಗೆ ಹೇಳಿಕೊಡಬೇಕಾ? 1982ರಿಂದ ಇಲ್ಲೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆಯಲ್ಲ. ಅಲ್ಲಿಂದ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ಕಂಬವಿಲ್ಲ, ಮೀಟರಿಲ್ಲ. ಮಾರ್ಚ್, ಸೆಪ್ಟೆಂಬರ್ ಆಸುಪಾಸಿನಲ್ಲಿ ಅವಕ್ಕೆ ದಿನಾ ಗ್ರಹಣ: ಹೆಚ್ಚೆಂದರೆ 70 ನಿಮಿಷದಷ್ಟು ಭೂಮಿಯ ನೆರಳು. ಯಾರೂ ದರ್ಭೆ ಹಾಕಿ ಕೂರುವುದಿಲ್ಲ, ಬ್ಯಾಟರಿ ನಡೆಸುತ್ತದೆ.

ನಮ್ಮ ಕಷ್ಟ 70 ನಿಮಿಷದ್ದಲ್ಲ. ಆಷಾಢದ ಮಳೆ ಹಿಡಿದರೆ ದಿನಗಟ್ಟಲೆ ಮೋಡ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿ ತಗೊಳ್ಳಿ. ಗುಣಿಸಿದರೆ 1,800 ವಾಟ್-ಅವರ್, ಅಂದರೆ 1.8 ಯೂನಿಟ್. ಲೆಡ್ ಆಸಿಡ್ ಆದರೆ ಅರ್ಧಕ್ಕಿಂತ ಜಾಸ್ತಿ ಬರಿದು ಮಾಡಬಾರದು, ಆಯಸ್ಸು ಕಮ್ಮಿಯಾಗುತ್ತದೆ. ಉಳಿದದ್ದು 0.9. ಎರಡು ಸಾವಿರ ವಾಟಿನ ಗೀಸರ್ ಅರ್ಧ ಗಂಟೆಯೂ ಓಡದು. ದಿನಕ್ಕೆ 4 ಯೂನಿಟ್ ಬಳಸುವ ಮನೆ ಮೂರು ದಿನದ ಮೋಡ ದಾಟಲು ಇಂಥವು 14 ಬೇಕು. ಕರೆಂಟ್ ಹೋದಾಗ ಲೈಟು, ಫ್ಯಾನಿಗೆ ಮಾತ್ರ ಅಂದರೆ ಲೈನು, ಬ್ಯಾಟರಿ ಎರಡಕ್ಕೂ ಹೊಂದುವ ಹೈಬ್ರಿಡ್ ಇನ್ವರ್ಟರ್, ಒಂದೆರಡು ಬ್ಯಾಟರಿ ಸಾಕು. ಪೇಟೆ ಮನೆಗೆ ನನ್ನ ಓಟು ಅದಕ್ಕೇ.

ಅಜ್ಜಿಗೂ ಈ ಲೆಕ್ಕ ಒಪ್ಪಿಸಿದೆ. "ಹದಿನಾಲ್ಕಾ? ಎಲ್ಲಿಡ್ತೀಯ, ದೇವರಮನೇಲಾ?" ಅಂದರು. ಆಮೇಲೆ ಹಿತ್ತಲ ಒರಳುಕಲ್ಲಿಗೆ ನೀರು ಚಿಮುಕಿಸಿ, ಕಾಯಿ ತಗೊಂಡ್ ಬಾ ಅಂದರು.