ಡೆಬಿಯನ್ 13ಕ್ಕೆ ಏರಿದ ಮೇಲೆ ಟಿಎಂಪಿ ಫೋಲ್ಡರ್ ಖಾಲಿ: ಫೈಲುಗಳು ಹೋದದ್ದೆಲ್ಲಿ?

ಪ್ರಶ್ನೆ: ವಿರಾಜಪೇಟೆ ಸಮೀಪದ ನಮ್ಮ ಕಾಫಿ ತೋಟದ ಆಫೀಸಿನ ಕಂಪ್ಯೂಟರನ್ನು ಡೆಬಿಯನ್ ಎಂಬ ಲಿನಕ್ಸ್ ಕಾರ್ಯವ್ಯವಸ್ಥೆಯ 12ನೇ ಆವೃತ್ತಿಯಿಂದ 13ಕ್ಕೆ ಅಪ್‌ಗ್ರೇಡ್ ಮಾಡಿದೆ. ಹಳೆಯ ಮಳೆ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ, ಆಮೇಲೆ ಜೋಡಿಸಿದರಾಯಿತೆಂದು ತಾತ್ಕಾಲಿಕ ಫೈಲುಗಳಿಗೆಂದಿರುವ ಟಿಎಂಪಿ ಫೋಲ್ಡರಿನಲ್ಲಿ ಇಟ್ಟಿದ್ದೆ. ರೀಬೂಟ್ ಆದ ಮೇಲೆ ನೋಡಿದರೆ ಅಲ್ಲಿ ಒಂದು ಪುಟವೂ ಇಲ್ಲ. ಅಪ್‌ಗ್ರೇಡ್ ಅವನ್ನು ಅಳಿಸಿಹಾಕಿತೇ? ಮರಳಿ ಪಡೆಯಬಹುದೇ?

ಉತ್ತರ: ಅಳಿಸಿಲ್ಲ. ಬಹುಮಟ್ಟಿಗೆ ಅವು ಇಟ್ಟ ಜಾಗದಲ್ಲಿಯೇ ಇವೆ, ಕಾಣುತ್ತಿಲ್ಲ, ಅಷ್ಟೆ. ಆದರೆ ಮುಂದಿನದನ್ನು ಓದಿ ಮುಗಿಸುವವರೆಗೆ ಯಾವ ಸೆಟ್ಟಿಂಗನ್ನೂ ಬದಲಿಸಬೇಡಿ.

2025ರ ಆಗಸ್ಟ್ 9ರಂದು ಬಿಡುಗಡೆಯಾದ ಡೆಬಿಯನ್ 13ರಲ್ಲಿ, ಅಂದರೆ ಟ್ರಿಕ್ಸಿ ಎಂಬ ಹೆಸರಿನ ಆವೃತ್ತಿಯಲ್ಲಿ, ಟಿಎಂಪಿ ಫೋಲ್ಡರ್ ಡಿಸ್ಕಿನಿಂದ ಮೆಮೊರಿಗೆ ಸ್ಥಳಾಂತರಗೊಂಡಿದೆ. ಯಂತ್ರ ಆರಂಭವಾಗುವಾಗ ಟಿಎಂಪಿಎಫ್‌ಎಸ್ ಎಂಬ ಮೆಮೊರಿ ಆಧಾರಿತ ಫೈಲ್ ಸಿಸ್ಟಂ ಹಳೆಯ ಫೋಲ್ಡರಿನ ಮೇಲೆ ಬಂದು ಕೂರುತ್ತದೆ. ಕಣದಲ್ಲಿ ಹರಡಿದ ಕಾಫಿಯ ಮೇಲೆ ಟಾರ್ಪಾಲು ಎಳೆದ ಹಾಗೆ ಇದು: ಮೇಲಿನಿಂದ ನೋಡುವವರಿಗೆ ಟಾರ್ಪಾಲು ಮಾತ್ರ ಕಾಣುತ್ತದೆ, ಕಾಫಿ ಅಡಿಯಲ್ಲಿಯೇ ಇರುತ್ತದೆ. ಈ ಬದಲಾವಣೆ ಅಪ್‌ಗ್ರೇಡ್ ನಡೆಯುವಾಗಲ್ಲ, ಅದರ ನಂತರದ ಮೊದಲ ರೀಬೂಟಿನಲ್ಲಿ ಜಾರಿಗೆ ಬರುವುದರಿಂದ, ನಿಮ್ಮ ಪುಟಗಳು ಸರಿಯಾಗಿ ಆ ಹೊತ್ತಿಗೇ ಮರೆಯಾದವು.

ಇಲ್ಲಿ ಒಂದು ತಮಾಷೆಯೂ ಇದೆ. ಡೆಬಿಯನ್ 12 ಪ್ರತಿ ಬಾರಿ ಬೂಟ್ ಆಗುವಾಗಲೂ ಟಿಎಂಪಿಯನ್ನು ಗುಡಿಸಿ ಖಾಲಿ ಮಾಡುತ್ತಿತ್ತು. ನಿಮ್ಮ ಪುಟಗಳು ಅಷ್ಟು ದಿನ ಉಳಿದದ್ದು ಆ ನಡುವೆ ಯಂತ್ರ ಒಮ್ಮೆಯೂ ರೀಬೂಟ್ ಆಗದೆ ಇದ್ದುದರಿಂದಲೇ. ಜೂನ್-ಜುಲೈ ತಿಂಗಳಲ್ಲಿ ಲೈನಿನ ಮೇಲೆ ಮರ ಬಿದ್ದು, ಇನ್ವರ್ಟರಿನ ಬ್ಯಾಟರಿಯೂ ಇಳಿದು ಯಂತ್ರ ಆರಿದ್ದರೆ, ಮತ್ತೆ ಹಾಕಿದಾಗ ಅವು ನಿಜವಾಗಿಯೂ ಹೋಗಿರುತ್ತಿದ್ದವು. ಈ ಸಲ ಗುಡಿಸುವ ಕೆಲಸ ಮೇಲಿನ ಹೊಸ ಪದರಕ್ಕೆ ಮಾತ್ರ ತಗುಲಿದ್ದರಿಂದ, ನೀವು ದೂರುತ್ತಿರುವ ಅಪ್‌ಗ್ರೇಡೇ ಅವನ್ನು ಕಾಪಾಡಿದೆ.

ಮೊದಲು ಟರ್ಮಿನಲ್ಲಿನಲ್ಲಿ, ಫೈಲ್ ಸಿಸ್ಟಂಗಳ ಪಟ್ಟಿ ತೋರಿಸುವ ಡಿಎಫ್ ಆದೇಶ ಕೊಟ್ಟು, ಟಿಎಂಪಿಯ ಸಾಲಿನ ಆರಂಭದಲ್ಲಿ ಟಿಎಂಪಿಎಫ್‌ಎಸ್ ಎಂದಿದೆಯೇ ನೋಡಿ. ಇದ್ದರೆ ಮೇಲಿನ ಮಾತು ನಿಮಗೆ ಅನ್ವಯಿಸುತ್ತದೆ. ಡಿಸ್ಕಿನ ಯಾವ ಭಾಗ ಯಾವ ಫೋಲ್ಡರಿಗೆ ಎಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಟಿಎಂಪಿಗೆಂದೇ ಪ್ರತ್ಯೇಕ ಪಾರ್ಟಿಷನ್ ಬರೆದಿಟ್ಟಿದ್ದರೆ ಈ ಬದಲಾವಣೆ ತಾಗುವುದಿಲ್ಲ. ಆಗ ಪುಟಗಳು ಬೂಟಿನ ಗುಡಿಸುವಿಕೆಯಲ್ಲಿಯೇ ಹೋಗಿರುವ ಸಂಭವ ಹೆಚ್ಚು.

ಅನಂತರ ರೂಟ್ ಬಳಕೆದಾರರಾಗಿ, ಅಂದರೆ ಯಂತ್ರದ ಪೂರ್ಣ ಅಧಿಕಾರದೊಂದಿಗೆ, ಮೌಂಟ್ ಆದೇಶಕ್ಕೆ ಬೈಂಡ್ ಆಯ್ಕೆಯನ್ನು ಸೇರಿಸಿ, ರೂಟ್ ಡೈರೆಕ್ಟರಿಯನ್ನು, ಅಂದರೆ ಬರೀ ಓರೆಗೆರೆಯನ್ನು, ಎಂಎನ್‌ಟಿ ಫೋಲ್ಡರಿಗೆ ಜೋಡಿಸಿ. ಹೀಗೆ ಜೋಡಿಸಿದಾಗ ಡಿಸ್ಕಿನ ಮೂಲ ರೂಪವಷ್ಟೇ ಕಾಣುತ್ತದೆ, ಅದರ ಮೇಲೆ ಕೂತ ಪದರಗಳು ಜೊತೆಗೆ ಬರುವುದಿಲ್ಲ. ಆದ್ದರಿಂದ ಎಂಎನ್‌ಟಿಯ ಒಳಗಿನ ಟಿಎಂಪಿಯನ್ನು ತೆರೆದರೆ ನಿಮ್ಮ ಸ್ಕ್ಯಾನ್ ಪುಟಗಳು ಹಾಗೆಯೇ ಇರುತ್ತವೆ. ಅವನ್ನು ನಿಮ್ಮ ಹೋಮ್ ಫೋಲ್ಡರಿಗೆ ನಕಲು ಮಾಡುವಾಗ ರೂಟ್ ಅಧಿಕಾರ ಬಿಟ್ಟು ನಿಮ್ಮ ಸ್ವಂತ ಲಾಗಿನ್ನಿನಲ್ಲಿ ಮಾಡಿ. ಇಲ್ಲದಿದ್ದರೆ ನಕಲುಗಳ ಒಡೆತನ ರೂಟಿನ ಹೆಸರಿಗೆ ಹೋಗಿ, ನಾಳೆ ಫೈಲನ್ನು ತೆರೆದು ತಿದ್ದಿ ಉಳಿಸಲು ಹೊರಟರೆ ಅನುಮತಿ ಇಲ್ಲವೆಂಬ ಉತ್ತರ ಬರುತ್ತದೆ. ನಾಲ್ಕಾರು ಪುಟಗಳನ್ನು ತೆರೆದು, ಮಳೆಯ ಇಂಚು-ಸೆಂಟಿನ ಅಂಕಿಗಳು ಓದಲು ಬರುತ್ತವೆಯೇ ಎಂದು ಖಚಿತಪಡಿಸಿಕೊಂಡ ಮೇಲೆ ಅಡಿಯಲ್ಲಿರುವ ಹಳೆಯ ಪ್ರತಿಗಳನ್ನು ಅಳಿಸಿ. ಹಾಗೆ ಮಾಡದಿದ್ದರೆ ಅವು ಕಣ್ಣಿಗೆ ಬೀಳದೆ ಡಿಸ್ಕಿನ ಜಾಗ ತಿನ್ನುತ್ತಲೇ ಇರುತ್ತವೆ. ಕೊನೆಗೆ ಯುಮೌಂಟ್ ಆದೇಶದಿಂದ ಎಂಎನ್‌ಟಿಯನ್ನು ಬಿಡಿಸಿ.

ಟಿಎಂಪಿಯನ್ನು ಮತ್ತೆ ಡಿಸ್ಕಿಗೇ ತರಬೇಕೆಂದಿದ್ದರೆ, ಸಿಸ್ಟಮ್‌ಸಿಟಿಎಲ್ ಎಂಬ ಆದೇಶದ ಮೂಲಕ ಟಿಎಂಪಿ ಡಾಟ್ ಮೌಂಟ್ ಎಂಬ ಘಟಕವನ್ನು ಮಾಸ್ಕ್ ಮಾಡಿ, ಅಂದರೆ ಆರಂಭವಾಗದಂತೆ ತಡೆದು, ರೀಬೂಟ್ ಮಾಡುವ ದಾರಿಯಿದೆ. ಅವಸರಪಟ್ಟು ಇದನ್ನೇ ಮೊದಲು ಮಾಡುವವರಿದ್ದಾರೆ, ನನ್ನ ಎಚ್ಚರಿಕೆ ಅದರ ಬಗ್ಗೆಯೇ: ಮೇಲಿನ ಪದರ ಹೋದ ಮೇಲೆ ಬೂಟಿನ ಗುಡಿಸುವಿಕೆ ನೇರವಾಗಿ ಹಳೆಯ ಫೈಲುಗಳ ಮೇಲೆ ನಡೆದು ಅವು ಅಳಿದುಹೋಗಬಹುದು. ಹಾಗೆ ಹಿಂದಕ್ಕೆ ತರುವ ಅಗತ್ಯವಿದೆಯೆಂದೂ ನನಗೆ ಅನ್ನಿಸುವುದಿಲ್ಲ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್ 2013ರಲ್ಲಿ, ತನ್ನ 18ನೇ ಆವೃತ್ತಿಯಿಂದಲೇ ಈ ಕ್ರಮಕ್ಕೆ ಬಂದಿತ್ತು.

ಒಂದು ಮಿತಿ ಮಾತ್ರ ಗಮನದಲ್ಲಿರಲಿ. ಟಿಎಂಪಿ ಗರಿಷ್ಠವೆಂದರೆ ಮೆಮೊರಿಯ ಅರ್ಧದಷ್ಟು ಬೆಳೆಯಬಲ್ಲದು. 8 ಜಿಬಿಯ ಯಂತ್ರದಲ್ಲಿ ಸುಮಾರು 4 ಜಿಬಿ. ಅಷ್ಟನ್ನೂ ಮೊದಲೇ ಕಾಯ್ದಿರಿಸುವುದಿಲ್ಲ, ಫೈಲು ಹಾಕಿದಷ್ಟೇ ಖರ್ಚು. ಆದರೂ ನೂರಾರು ಪುಟಗಳನ್ನು ಹೆಚ್ಚಿನ ರೆಸಲ್ಯೂಷನ್ನಿನಲ್ಲಿ ಒಟ್ಟಿಗೆ ಸ್ಕ್ಯಾನ್ ಮಾಡುವ ತಂತ್ರಾಂಶ ಅಲ್ಲಿ ಜಾಗ ಸಾಲದೆ ಅರ್ಧದಲ್ಲಿ ನಿಲ್ಲಬಹುದು. ನಿಮ್ಮ ಸ್ಕ್ಯಾನರ್ ತಂತ್ರಾಂಶದಲ್ಲಿ ಫೈಲು ಉಳಿಸುವ ಜಾಗವನ್ನು ಹೋಮ್ ಫೋಲ್ಡರಿಗೆ ಬದಲಿಸಿಕೊಂಡರೆ ಉಳಿದ ಪುಸ್ತಕಗಳನ್ನು ಇಂದೇ ಮುಂದುವರಿಸಬಹುದು.