ಮೂರು ಪ್ರಾಜೆಕ್ಟ್‌ಗಳಿಗೆ ಒಂದೇ ಪದಪಟ್ಟಿ: ಸಿಸ್ಪೆಲ್ ಹೊಂದಿಸಿದ ಟಿಪ್ಪಣಿ

ಮಡಿಕೇರಿಯಲ್ಲಿ ಭಾನುವಾರ ಕೂಡುವ ನಮ್ಮ ಕಲಿಕೆಯ ಬಳಗದ ಕೈಯಲ್ಲಿ ಈಗ ಮೂರು ಪ್ರಾಜೆಕ್ಟ್‌ಗಳಿವೆ: ಕಾಫಿ ತೋಟದ ತೂಕದ ಲೆಕ್ಕ, ಹೋಂಸ್ಟೇ ಬುಕಿಂಗ್, ಮಳೆ ದಾಖಲೆ. ಬರೆಯುವವರು ಐದು ಮಂದಿ. ವಿರಾಜಪೇಟೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕು ಬಗೆಯಾಗಿ ಬರೆದಿದ್ದೇವೆ ಎಂದು ಗೊತ್ತಾದದ್ದು, ಊರಿನ ಹೆಸರು ಕೊಟ್ಟು ಹುಡುಕಿದಾಗ ಅರ್ಧದಷ್ಟು ಹೋಂಸ್ಟೇಗಳು ಕಾಣದೆ ಹೋದ ದಿನ. ಆಮೇಲೆ ಕಾಗುಣಿತ ಪರೀಕ್ಷೆಯ ವ್ಯವಸ್ಥೆಯನ್ನು ಮೂರಕ್ಕೂ ಒಂದೇ ಮಾಡಿಕೊಂಡೆವು. ಹೊಸದಾಗಿ ಸೇರುವವರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ.

ನಾವು ಬಳಸುವುದು ಸಿಸ್ಪೆಲ್, ಕೋಡಿನಲ್ಲಿರುವ ಕಾಗುಣಿತ ತಪ್ಪುಗಳನ್ನು ಹುಡುಕುವ ಉಪಕರಣ. ಪತ್ರ ಬರೆಯುವ ತಂತ್ರಾಂಶದಲ್ಲಿರುವ ಕಾಗುಣಿತ ಪರೀಕ್ಷೆಗಿಂತ ಇದು ಭಿನ್ನ, ಏಕೆಂದರೆ ಕೋಡಿನಲ್ಲಿ ಅಂಟಿಕೊಂಡಿರುವ ಪದಗಳನ್ನು ಬಿಡಿಸಲು ಇದಕ್ಕೆ ಬರುತ್ತದೆ. 'ಚೆರಿ', 'ಬ್ಯಾಗ್', 'ಕೌಂಟ್' ಮೂರನ್ನೂ ಜಾಗ ಬಿಡದೆ ಸೇರಿಸಿ, ನಡುವೆ ಇಂಗ್ಲಿಷಿನ ದೊಡ್ಡ ಅಕ್ಷರ ಹಾಕಿ ಹೆಸರಿಟ್ಟರೆ, ಆ ದೊಡ್ಡ ಅಕ್ಷರಗಳ ಬಳಿ ಕತ್ತರಿಸಿ ಒಂದೊಂದನ್ನೂ ನಿಘಂಟಿನಲ್ಲಿ ಹುಡುಕುತ್ತದೆ. ನಡುವೆ ಅಡಿಗೆರೆ ಹಾಕಿದರೂ ಅಷ್ಟೇ. ಆದರೆ ನಾಲ್ಕಕ್ಕಿಂತ ಕಡಿಮೆ ಅಕ್ಷರಗಳ ತುಂಡನ್ನು, ನಾವಾಗಿ ಬದಲಾಯಿಸದ ಹೊರತು, ಮುಟ್ಟುವುದಿಲ್ಲ. 'ಬ್ಯಾಗ್' ಇಂಗ್ಲಿಷಿನಲ್ಲಿ ಮೂರೇ ಅಕ್ಷರ. ಅದನ್ನು ತಪ್ಪಾಗಿ ಬರೆದರೂ ಕೇಳುವವರಿಲ್ಲ.

ಹೊಂದಿಕೆಯ ಕಡತದ ಹೆಸರು ಸಿಸ್ಪೆಲ್ ಡಾಟ್ ಜೇಸನ್. ಅದರೊಳಗೆ ಆವೃತ್ತಿ 0.2 ಎಂದು ಬರೆಯುತ್ತೇವೆ. ಅದು ಹೊಂದಿಕೆಯ ನಮೂನೆಯ ಆವೃತ್ತಿ, ಉಪಕರಣದ್ದಲ್ಲ. ಹಳೆಯದಾಯಿತೆಂದು ಯಾರೂ ತಿದ್ದಲು ಹೋಗಬೇಡಿ. 'ವರ್ಡ್ಸ್' ಎಂಬಲ್ಲಿ ನಮ್ಮ ಪದಗಳು, 'ಇಗ್ನೋರ್ ಪಾತ್ಸ್' ಎಂಬಲ್ಲಿ ನೋಡಬಾರದ ಕಡತಗಳು. ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ತರಿಸಿಕೊಡುವ ಎನ್‌ಪಿಎಂ, ಯಾವ ಪ್ಯಾಕೇಜಿನ ಯಾವ ಆವೃತ್ತಿ ಎಂದು ತಾನೇ ಬರೆದಿಡುವ ಲಾಕ್ ಕಡತವನ್ನು ಇಲ್ಲಿ ಸೇರಿಸದಿದ್ದರೆ ಪರದೆಯ ತುಂಬಾ ಅರ್ಥವಿಲ್ಲದ ದೂರುಗಳು ಸುರಿಯುತ್ತವೆ.

ಇಷ್ಟನ್ನೂ ಮೂರು ಕಡೆ ನಕಲು ಮಾಡಿಟ್ಟರೆ ತಿಂಗಳೊಳಗೆ ಮೂರೂ ಬೇರೆಯಾಗುತ್ತವೆ, ನಮ್ಮಲ್ಲಿ ಆದದ್ದೂ ಅದೇ. ಆದ್ದರಿಂದ ಪದಪಟ್ಟಿಗಳಿಗೆಂದೇ ಪ್ರತ್ಯೇಕವಾದ ಗಿಟ್ ಭಂಡಾರ (ಕಡತಗಳನ್ನೂ ಅವುಗಳ ಬದಲಾವಣೆಗಳನ್ನೂ ದಾಖಲಿಸಿಡುವ ಜಾಗ) ಮಾಡಿದೆವು. ಅದರಲ್ಲಿ ಒಂದು ಹೊಂದಿಕೆಯ ಕಡತ, ಎರಡು ಸಾದಾ ಪಠ್ಯ ಕಡತಗಳು: ಒಂದು ಊರುಗಳದ್ದು, ಇನ್ನೊಂದು ಕಾಫಿಯದ್ದು, ಸಾಲಿಗೊಂದು ಪದ. ಪ್ರತಿ ಪ್ರಾಜೆಕ್ಟ್ ಅದನ್ನು ಎನ್‌ಪಿಎಂ ಮೂಲಕ ನೇರವಾಗಿ ಗಿಟ್‌ನಿಂದ ತರಿಸಿಕೊಂಡು, ತನ್ನ ಕಡತದ 'ಇಂಪೋರ್ಟ್' ಸಾಲಿನಲ್ಲಿ ಹೆಸರಿಸುತ್ತದೆ. ಪದಗಳು ಒಂದರ ಮೇಲೊಂದು ಸೇರಿಕೊಳ್ಳುತ್ತವೆ. ಭಾಷೆಯಂತಹ ಒಂಟಿ ಆಯ್ಕೆಗಳಲ್ಲಿ ಮಾತ್ರ ಪ್ರಾಜೆಕ್ಟಿನ ಮಾತೇ ನಡೆಯುತ್ತದೆ.

ಇಲ್ಲಿ ನಾನು ಒಂದು ಸಂಜೆಯನ್ನೇ ಕಳೆದುಕೊಂಡೆ. 'ಡಿಕ್ಷನರಿ ಡೆಫಿನಿಷನ್ಸ್' ಎಂಬಲ್ಲಿ ಕಾಫಿ ಪಟ್ಟಿಯ ಹೆಸರನ್ನೂ ಅದು ಇರುವ ಜಾಗವನ್ನೂ ಬರೆದೆ. ಕೆಂಪು ಗೆರೆ ಹೋಗಲಿಲ್ಲ. ಜಾಗ ತಪ್ಪಿರಬೇಕೆಂದು ಹತ್ತು ಸಲ ತಿದ್ದಿದೆ. ಜಾಗ ಸರಿಯಾಗಿಯೇ ಇತ್ತು: ಅದನ್ನು ಎಣಿಸಬೇಕಾದದ್ದು ಆ ಹೊಂದಿಕೆಯ ಕಡತ ಇರುವ ಕಡೆಯಿಂದ, ಪ್ರಾಜೆಕ್ಟ್ ಇರುವ ಕಡೆಯಿಂದಲ್ಲ. ಬಿಟ್ಟುಹೋದದ್ದು ಬೇರೆಯೇ. ಪಟ್ಟಿ ಎಲ್ಲಿದೆ ಎಂದು ಹೇಳಿದರೆ ಸಾಲದು, ಅದನ್ನು ಬಳಸು ಎಂದು 'ಡಿಕ್ಷನರೀಸ್' ಎಂಬಲ್ಲಿ ಮತ್ತೊಮ್ಮೆ ಹೆಸರಿಸಬೇಕು. ಮದುವೆಗೆ ಕಾಗದ ಕೊಟ್ಟವರು ಊಟಕ್ಕೂ ಕರೆಯಲಿ ಎಂದು ಕಾದು ಕುಳಿತ ನೆಂಟನ ಹಾಗೆ ಈ ಉಪಕರಣ.

ಪದಪಟ್ಟಿಗೆ ಏನನ್ನು ಹಾಕಬೇಕೆಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಹಳೆಯ ಪ್ರಾಜೆಕ್ಟಿನಲ್ಲಿ ಮೊದಲ ಸಲ ಓಡಿಸಿದಾಗ ನೂರಾರು ದೂರುಗಳು ಬರುತ್ತವೆ. ಗೊತ್ತಿಲ್ಲದ ಪದಗಳನ್ನಷ್ಟೇ, ಒಂದೊಂದನ್ನೂ ಒಮ್ಮೆ ಮಾತ್ರ, ಹೊರಗೆ ಹಾಕುವ ಆಯ್ಕೆ ಸಿಸ್ಪೆಲ್‌ನಲ್ಲಿದೆ. ಅದರಿಂದ ಬಂದದ್ದನ್ನು ಅಕಾರಾದಿಯಾಗಿ ಜೋಡಿಸಿ ಪಟ್ಟಿಗೆ ಸುರಿದರೆ ಮುಗಿಯಿತು, ಎಲ್ಲವೂ ಹಸಿರು. ನಾವೂ ಹಾಗೆಯೇ ಮಾಡಿದೆವು. ಅರೇಬಿಕಾ ಕೊಯ್ಲಿನ ಸಮಯದಲ್ಲಿ ತೋಟದ ಲೆಕ್ಕ ಬರೆಯುವ ರೈಟರು ಫೋನ್ ಮಾಡಿದರು.

"ಪಾರ್ಚ್‌ಮೆಂಟ್ ಸೊನ್ನೆ ಚೀಲ ಎಂದು ತೋರಿಸುತ್ತಿದೆಯಲ್ಲ. ನಾನೇ ನಿಂತು ತೂಗಿಸಿದ್ದು ಎಲ್ಲಿಗೆ ಹೋಯಿತು?"

ಪಾರ್ಚ್‌ಮೆಂಟ್ ಎಂದರೆ ತಿರುಳು ತೆಗೆದು ಒಣಗಿಸಿದ, ಒಳಸಿಪ್ಪೆ ಇರುವ ಕಾಫಿ ಬೀಜ. ತೂಕ ಬರೆದುಕೊಳ್ಳುವ ಕಡತದಲ್ಲಿ ಆ ಪದದ ಇಂಗ್ಲಿಷ್ ಕಾಗುಣಿತದಲ್ಲಿ 'ಇ' ಇರಬೇಕಾದ ಕಡೆ 'ಎ' ಬಿದ್ದಿತ್ತು. ವರದಿಯ ಕಡತದಲ್ಲಿ ಸರಿಯಾಗಿತ್ತು. ಜಾವಾಸ್ಕ್ರಿಪ್ಟ್‌ಗೆ ಇದು ತಪ್ಪೇ ಅಲ್ಲ. ಇಲ್ಲದ ಹೆಸರನ್ನು ಕೇಳಿದರೆ ಏನೂ ಇಲ್ಲ ಎನ್ನುತ್ತದೆ, ಏನೂ ಇಲ್ಲದಿದ್ದರೆ ಸೊನ್ನೆ ತೋರಿಸು ಎಂದು ನಾವೇ ಬರೆದಿದ್ದೆವು. ಸಿಸ್ಪೆಲ್ ಇದನ್ನು ಮೊದಲ ದಿನವೇ ಹಿಡಿದಿತ್ತು. ಹಿಡಿದದ್ದನ್ನು ನಾವೇ ಪಟ್ಟಿಗೆ ಸುರಿದು, ತಪ್ಪಿಗೆ ಪರವಾನಗಿ ಕೊಟ್ಟಿದ್ದೆವು.

ನಮ್ಮದು ಒಂದು ಮಧ್ಯಾಹ್ನದಲ್ಲಿ ಸರಿಹೋಯಿತು. ಎಲ್ಲ ತಪ್ಪುಗಳೂ ಹಾಗೆ ಸರಿಹೋಗುವುದಿಲ್ಲ. ಜಾಲತಾಣವೊಂದಕ್ಕೆ ಯಾವ ಪುಟದಿಂದ ಬಂದಿರಿ ಎಂದು ತಿಳಿಸುವ ಎಚ್‌ಟಿಟಿಪಿ (ಬ್ರೌಸರ್ ಮತ್ತು ಜಾಲತಾಣ ಮಾತಾಡಿಕೊಳ್ಳುವ ನಿಯಮ) ಶೀರ್ಷಿಕೆ 'ರೆಫರರ್'ನಲ್ಲಿ ಒಂದು 'ಆರ್' ಬಿಟ್ಟುಹೋಗಿದೆ. 1996ರಲ್ಲಿ ಹೊರಬಂದ, 'ಆರ್‌ಎಫ್‌ಸಿ 1945' ಎಂಬ ಸಂಖ್ಯೆಯ ಅಂತರ್ಜಾಲ ನಿಯಮಗಳ ದಾಖಲೆಯಲ್ಲಿ ಹಾಗೆಯೇ ಅಚ್ಚಾಗಿ, ಇಂದಿಗೂ ಎಲ್ಲ ಬ್ರೌಸರ್‌ಗಳೂ ಆ ತಪ್ಪನ್ನೇ ಬರೆಯುತ್ತಿವೆ. ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಹೊಸ ಕಡತ ಮಾಡುವ 'ಕ್ರಿಯೇಟ್' ಕರೆಯ ಕೊನೆಯಲ್ಲಿ 'ಇ' ಇಲ್ಲ. ಹೊರಗಿನವರು ಒಮ್ಮೆ ನೆಚ್ಚಿಕೊಂಡ ಹೆಸರನ್ನು ತಿದ್ದುವುದು ಸುಲಭವಲ್ಲ.

ಆದ್ದರಿಂದ ಈಗ ಪಟ್ಟಿಗೆ ಪದ ಸೇರಿಸುವುದು ಕೋಡ್ ಸೇರಿಸಿದ ಹಾಗೆಯೇ: ಇನ್ನೊಬ್ಬರು ಓದಿ ಒಪ್ಪಬೇಕು. ಎಡಿಟರ್‌ನಲ್ಲಿ ಬಲಗುಂಡಿ ಒತ್ತಿ ಪದ ಸೇರಿಸುವ ಸೌಲಭ್ಯವಿದೆ. ಅದು ಬಳಕೆದಾರರ ಸ್ವಂತ ಹೊಂದಿಕೆಗೆ ಹೋಗಿ ಕುಳಿತರೆ ನಿಮ್ಮ ಯಂತ್ರದಲ್ಲಿ ಹಸಿರು, ಉಳಿದವರಲ್ಲಿ ಕೆಂಪು. ಎಲ್ಲಿಗೆ ಸೇರುತ್ತಿದೆ ಎಂದು ನೋಡಿಕೊಂಡು ಒತ್ತಿ. ಹಂಚಿಕೊಂಡ ಪಟ್ಟಿಗೆ ಎರಡು ಪ್ರಾಜೆಕ್ಟ್‌ಗಳಿಗಾದರೂ ಬೇಕಾದ ಪದ ಮಾತ್ರ; ಒಂದಕ್ಕೇ ಬೇಕಾದದ್ದು ಆ ಪ್ರಾಜೆಕ್ಟಿನ ಪಟ್ಟಿಗೆ; ಒಂದೇ ಕಡತದಲ್ಲಿ ಬರುವುದಾದರೆ ಆ ಕಡತದಲ್ಲೇ 'ಸಿಸ್ಪೆಲ್ ಇಗ್ನೋರ್' ಎಂಬ ಟಿಪ್ಪಣಿಯ ಸಾಲು. ಹಂಚಿಕೊಂಡ ಪಟ್ಟಿ ಬದಲಾದರೂ, ಪ್ರಾಜೆಕ್ಟಿನಲ್ಲಿ ಪ್ಯಾಕೇಜನ್ನು ನವೀಕರಿಸುವವರೆಗೆ ಹಳೆಯದೇ ನಡೆಯುತ್ತಿರುತ್ತದೆ. ಇದನ್ನು ಮರೆತು ಸಿಸ್ಪೆಲ್ ಕೆಟ್ಟಿದೆ ಎಂದು ದೂರುವವರು ವಾರಕ್ಕೊಬ್ಬರು.

ಬೇಡದ ಪದಗಳಿಗೂ ಜಾಗವಿದೆ. ಪಟ್ಟಿಯಲ್ಲಿ ಪದದ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಇಟ್ಟರೆ ಅದು ನಿಷಿದ್ಧ. ಬ್ರಿಟಿಷರ ಕಾಲದ ಹೆಸರು 'ಮರ್ಕೆರಾ'ವನ್ನು ಹಾಗೆ ಮಾಡಿದ್ದೇವೆ. ಊರಿನ ಹೆಸರು ಮಡಿಕೇರಿ. 'ಕೂರ್ಗ್' ಅನ್ನೂ ಹೊರಗಿಡಬೇಕೆಂದು ಒಬ್ಬರು ಹಟ ಹಿಡಿದರು. ಆದರೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿರುವುದು 'ಕೂರ್ಗ್ ಅರೇಬಿಕಾ' ಎಂಬ ಹೆಸರಿಗೇ. ಅದನ್ನು ನಾವು ತಿದ್ದುವಂತಿಲ್ಲ, ಹಾಗಾಗಿ ಪದ ಉಳಿಯಿತು.

ಇದಕ್ಕೆ ಕಾಣದ ತಪ್ಪುಗಳೂ ಇವೆ. 'ಕ್ಯೂರಿಂಗ್' ಬರೆಯುವಲ್ಲಿ 'ಕೇರಿಂಗ್' ಬರೆದರೆ ಎರಡೂ ನಿಘಂಟಿನ ಪದಗಳೇ. ಕನ್ನಡದ ಪಠ್ಯಕ್ಕೆ ಬರೀ ಪದಪಟ್ಟಿ ಸಾಲದು: ಮನೆ, ಮನೆಯಲ್ಲಿ, ಮನೆಯಿಂದಲೇ ಎಂದು ಒಂದೊಂದು ಪದಕ್ಕೂ ಬೆಳೆಯುವ ಬಾಲಗಳನ್ನೆಲ್ಲ ಯಾರು ಬರೆದಿಡುತ್ತಾರೆ? ಪ್ರತ್ಯಯಗಳ ನಿಯಮಗಳನ್ನು ಬೇರೆಯಾಗಿ ಇಡುವ ಹನ್‌ಸ್ಪೆಲ್ ಎಂಬ ಕಾಗುಣಿತ ಪರೀಕ್ಷೆಯ ಉಪಕರಣ ಅದಕ್ಕೆ ಹತ್ತಿರದ್ದು; ಅದು ಹುಟ್ಟಿದ್ದು ನಮ್ಮಂತೆಯೇ ಪ್ರತ್ಯಯ ಪೋಣಿಸುವ ಹಂಗೇರಿಯನ್ ಭಾಷೆಗಾಗಿ. ಅದರ ಟಿಪ್ಪಣಿ ಇನ್ನೊಮ್ಮೆ.

ಬಾಕಿ ಇರುವುದು ಒಂದು ಪದ. ಹೋಂಸ್ಟೇಯ ಹಬ್ಬದ ದರಪಟ್ಟಿಯಲ್ಲಿ 'ಹುತ್ತರಿ' ಎಂದಿರಬೇಕೋ, ಕೊಡವರು ಹೇಳುವಂತೆ 'ಪುತ್ತರಿ' ಎಂದಿರಬೇಕೋ, ಇಂಗ್ಲಿಷಿನಲ್ಲಿ ಬರೆಯುವಾಗ 'ಟಿ' ಎಷ್ಟು, 'ಎಚ್' ಬೇಕೋ ಬೇಡವೋ. ಸದ್ಯಕ್ಕೆ ಎರಡನ್ನೂ ಪಟ್ಟಿಯಲ್ಲಿಟ್ಟು, ಮೇಲೆ ಹ್ಯಾಶ್ ಗುರುತಿನ ಸಾಲಿನಲ್ಲಿ 'ಇನ್ನೂ ಇತ್ಯರ್ಥವಾಗಿಲ್ಲ, ಯಾರೂ ಅಳಿಸಬೇಡಿ' ಎಂದು ಬರೆದಿದ್ದೇವೆ.