ಎಳೆದು ನೋಡಿದರೆ ತಿಳಿಯುವ ಆಕಾರ

ಹಿಮೋಗ್ಲೋಬಿನ್‌ನಂಥ ಪ್ರೊಟೀನನ್ನು ಹರಳುಗಟ್ಟಿಸಿ ಎಕ್ಸ್-ರೇ ಹಾಯಿಸಿದರೆ ಅದರ ಪರಮಾಣುಗಳು ಎಲ್ಲೆಲ್ಲಿವೆ ಎಂದು ಗೊತ್ತಾಗುತ್ತದೆ. ಆದರೆ ನಮ್ಮ ಎಷ್ಟೋ ಪ್ರೊಟೀನುಗಳಲ್ಲಿ ನಿಶ್ಚಿತ ಮಡಿಕೆಯೇ ಇಲ್ಲದ ಉದ್ದುದ್ದ ಭಾಗಗಳಿವೆ. ಅಮೈನೋ ಆಮ್ಲಗಳ ಆ ಸರಪಳಿ ನೀರಿನಲ್ಲಿ ಸದಾ ಹೊರಳಾಡುತ್ತಿರುತ್ತದೆ. ಈ ಕ್ಷಣದ ಭಂಗಿ ಮರುಕ್ಷಣಕ್ಕಿಲ್ಲ. ಇಂಥದ್ದರ ಒಂದು ಚಿತ್ರ ತೆಗೆದು ಏನು ಪ್ರಯೋಜನ? ಹಿಡಿದು ಎಳೆಯುವುದೇ ಮೇಲು.

ಎಳೆಯಲು ಕಾಂತೀಯ ಚಿಮಟವಿದೆ. ಸರಪಳಿಯ ಒಂದು ತುದಿ ಗಾಜಿಗೆ, ಇನ್ನೊಂದು ಪುಟ್ಟ ಕಾಂತೀಯ ಮಣಿಗೆ ಅಂಟಿರುತ್ತದೆ. ಅಯಸ್ಕಾಂತ ಹತ್ತಿರ ಬಂದಷ್ಟೂ ಎಳೆತ ಜೋರು. ಜೋರು ಎಂದರೂ ಒಂದು ಪಿಕೋನ್ಯೂಟನ್ ಆಸುಪಾಸು, ನ್ಯೂಟನ್ನಿನ ಲಕ್ಷ ಕೋಟಿಯಲ್ಲೊಂದು ಪಾಲು! ಅಷ್ಟಕ್ಕೂ ಸರಪಳಿ ಪ್ರತಿರೋಧ ಒಡ್ಡುತ್ತದೆ, ರಬ್ಬರಿನ ಹಾಗೆ. ಹಿಗ್ಗಿದಷ್ಟೂ ಅದಕ್ಕೆ ಸಾಧ್ಯವಿರುವ ಭಂಗಿಗಳು ಕಡಿಮೆಯಾಗುತ್ತವೆ. ಶಾಖದ ಕುಲುಕಾಟ ಅದನ್ನು ಮತ್ತೆ ಮುದುಡಿಸಲು ನೋಡುತ್ತದೆ.

ಸೊಗಸಿರುವುದು ಮುಂದಿನ ಲೆಕ್ಕದಲ್ಲಿ. ಕೋಣೆಯ ಉಷ್ಣತೆಯಲ್ಲಿ ಆ ಕುಲುಕಾಟದ ಶಕ್ತಿ ಸುಮಾರು 4 ಪಿಕೋನ್ಯೂಟನ್-ನ್ಯಾನೋಮೀಟರ್. ಅದನ್ನು ಬಲದಿಂದ ಭಾಗಿಸಿದರೆ ಒಂದು ಉದ್ದ ಸಿಗುತ್ತದೆ: 1 ಪಿಕೋನ್ಯೂಟನ್‌ಗೆ 4 ನ್ಯಾನೋಮೀಟರ್, 0.1ಕ್ಕೆ 40. ಆ ಉದ್ದಕ್ಕಿಂತ ಚಿಕ್ಕ ತುಣುಕುಗಳಿಗೆ ಎಳೆತ ತಟ್ಟುವುದೇ ಇಲ್ಲ, ಅವು ತಮ್ಮ ಸಹಜ ಮುದುಡಿನಲ್ಲೇ ಇರುತ್ತವೆ. ಹಾಗಾಗಿ ಬಲವೇ ಇಲ್ಲಿ ಅಳತೆಗೋಲು. ಅದನ್ನು ಬದಲಿಸುತ್ತ ಹೋದರೆ ಬೇರೆ ಬೇರೆ ಗಾತ್ರದಲ್ಲಿ ಸರಪಳಿ ಹೇಗೆ ಮುದುಡಿದೆ ಎಂದು ಓದಬಹುದು. 1976ರಲ್ಲಿ ಭೌತವಿಜ್ಞಾನಿ ಪಿಂಕಸ್ ಕೊಟ್ಟ ಸಿದ್ಧಾಂತದ ಪ್ರಕಾರ, ಸಣ್ಣ ಬಲಗಳ ಹರವಿನಲ್ಲಿ ಎಳೆತ 8 ಪಟ್ಟಾದಾಗ ಹಿಗ್ಗುವಿಕೆಯೂ 8 ಪಟ್ಟಾದರೆ ಸರಪಳಿಯ ಭಾಗಗಳು ಒಂದನ್ನೊಂದು ಲೆಕ್ಕಿಸುತ್ತಿಲ್ಲ. 4 ಪಟ್ಟಷ್ಟೇ ಆದರೆ ಅವು ಒಂದನ್ನೊಂದು ದೂಡುತ್ತಿವೆ, ಸರಪಳಿ ಉಬ್ಬಿಕೊಂಡಿದೆ.

ಸ್ನಾಯುಗಳಲ್ಲಿರುವ ಟೈಟಿನ್ ಎಂಬ ದೈತ್ಯ ಪ್ರೊಟೀನಿನ ಒಂದು ಭಾಗಕ್ಕೆ ಈ ಹಿಗ್ಗು-ಕುಗ್ಗೇ ಕಸುಬು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಒಮರ್ ಸಲೇಹ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಪ್ರಯೋಗ. ಎಳೆತ ಬದಲಿಸಿದಾಗ ಅವರ ಸರಪಳಿ ಥಟ್ಟನೆ ಹೊಸ ಉದ್ದಕ್ಕೆ ಬಂದು ನಿಲ್ಲಲಿಲ್ಲ. 1ರಿಂದ 10 ಸೆಕೆಂಡಿನೊಳಗೆ ಆಗುವಷ್ಟೇ ಬದಲಾವಣೆಗೆ ಆಮೇಲೆ 10ರಿಂದ 100 ಸೆಕೆಂಡ್ ಬೇಕು ಎಂಬಂಥ ನಿಧಾನ ಅದರದ್ದು. ಹಿಂದೆ ಎಷ್ಟು ಬಲಕ್ಕೆ ಒಳಗಾಗಿತ್ತು ಎಂಬ ನೆನಪೂ ಉಳಿದಿತ್ತು: ಬಲ ಸ್ಥಿರವಾಗಿದ್ದರೂ ಉದ್ದ ಒಂದು ದಿಕ್ಕಿಗೆ ಸಾಗಿ ಮತ್ತೆ ಹಿಂದಿರುಗುತ್ತಿತ್ತು. ಸರಪಳಿಯ ಉದ್ದಕ್ಕೂ ಅಲ್ಲಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಚಿಕ್ಕ ರಚನೆಗಳಿವೆ, ಪ್ರತಿಯೊಂದೂ ತನ್ನದೇ ವೇಗದಲ್ಲಿ ಬದಲಾಗುತ್ತದೆ ಎಂಬುದು ಅವರ ವಿವರಣೆ.